ಎಡಗಡೆಯ ಹಿಂದಿನ ಗಾಜು

ನನಗೆ ಕಣ್ಣಿನ ಪೊರೆ ಬಂದಿದೆ ಎಂದು ಒಂದು ಬೇಸಿಗೆ ಪೂರ್ತಿ ನಂಬಿಕೊಂಡಿದ್ದೆ. ಎದುರಿಗೆ ಬರುವ ಎಮ್ಮೆ ಮಂಜಿನೊಳಗಿಂದ ಇಳಿದು ಬಂದಂತೆ ಬರುತ್ತಿತ್ತು. ಸಂಜೆಯ ಹೊತ್ತು ಲಾರಿಯ ದೀಪಗಳು ಒಡೆದು ಚೂರಾಗಿ ರಸ್ತೆಯ ತುಂಬ ಚೆಲ್ಲಿಕೊಳ್ಳುತ್ತಿದ್ದವು. ಹೆಂಡತಿಗೆ ಹೇಳಿದರೆ ಗಾಬರಿಯಾದಾಳು ಎಂದು ಯಾರಿಗೂ ಹೇಳದೆ, ನಾನೇ ಕಾರು ಓಡಿಸಿಕೊಂಡು ಶ್ರೀರಂಗಪಟ್ಟಣದಲ್ಲಿ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಕಣ್ಣು ಕಾಣದವನು ತಾನೇ ಕಾರು ಓಡಿಸಿಕೊಂಡು ಕಣ್ಣಿನ ಡಾಕ್ಟರ ಬಳಿ ಹೋಗುವುದರಲ್ಲಿ ಏನೋ ಎಡವಟ್ಟಿದೆ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ. ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ನಾನು ಕೊನೆಯ ಸಾಲನ್ನು ಮುಗಿಸಿ, ಅದರ ಕೆಳಗೆ ಸಣ್ಣದಾಗಿ ಹಾಕಿದ್ದ ಪ್ರೆಸ್ಸಿನ ಹೆಸರನ್ನೂ ಓದಿಬಿಟ್ಟೆ. ನನ್ನನ್ನು ಕಳಿಸಿಕೊಡಲು ಬಾಗಿಲವರೆಗೆ ಬಂದವರು ಬೀದಿಯಲ್ಲಿ ನಿಂತಿದ್ದ ಕಾರನ್ನೊಮ್ಮೆ ನೋಡಿ, "ಮೇಷ್ಟ್ರೇ, ಪೊರೆ ಬಂದಿರೋದು ನಿಮ್ಮ ಕಾರಿಗೆ" ಎಂದರು.

ನೋಡಿದೆ. ಹೌದು. ಮುಂದಿನ ಗಾಜು, ಹಿಂದಿನ ಗಾಜು, ಬಾಗಿಲ ಗಾಜುಗಳು, ಎಲ್ಲದರ ಮೇಲೂ ಬಿಳಿಯ ಚುಕ್ಕೆಗಳು, ಉಂಗುರಗಳು, ನೀರು ಹರಿದು ಒಣಗಿದ ಗೆರೆಗಳು. ಕೈಯಿಂದ ಒರೆಸಿದೆ, ಹೋಗಲಿಲ್ಲ. ಉಗುರಿನಿಂದ ಕೆರೆದೆ, ಉಗುರು ಹೋಯಿತು.

ಕಾರಿನ ವಿಚಾರ ಸ್ವಲ್ಪ ಹೇಳಿಬಿಡುತ್ತೇನೆ. ಅದು ತೊಂಬತ್ತರ ದಶಕದ ನಡುಭಾಗ. ನಾನು ನಾಗಮಂಗಲದ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದೆ. ಊರು ಅರಕೆರೆ, ಅಲ್ಲಿ ಅವ್ವ ಇದ್ದಳು. ವಾರಕ್ಕೊಮ್ಮೆ ಪಾಂಡವಪುರ, ಶ್ರೀರಂಗಪಟ್ಟಣದ ಮೇಲೆ ಹಾಯ್ದು ಊರಿಗೆ ಹೋಗಿ ಬರಲು ಅನುಕೂಲವಾಗಲಿ ಎಂದು ಕೆನೆ ಬಣ್ಣದ ಒಂದು ಹಳೇ ಅಂಬಾಸಿಡರ್ ಕೊಂಡಿದ್ದೆ. ಮೂರು ಮನೆ ಕಂಡು ಬಂದ ಕಾರು. ಗಾಜು ಏರಿಸಿ ಇಳಿಸುವ ಹಿಡಿಕೆ ನಾಲ್ಕು ಬಾಗಿಲಿಗೂ ಸೇರಿ ಒಂದೇ ಉಳಿದಿತ್ತು. ಅದನ್ನು ಮುಂದಿನ ಡಬ್ಬದಲ್ಲಿ ಇಟ್ಟಿರುತ್ತಿದ್ದೆವು. ಯಾರಿಗೆ ಗಾಳಿ ಬೇಕೋ ಅವರು ಕೇಳಿ ಪಡೆದು, ತಿರುಗಿಸಿಕೊಂಡು, ಹಿಂದಿರುಗಿಸಬೇಕು. ಒಂದು ಮನೆಯವರು ಒಂದೇ ಬಾಚಣಿಗೆ ಇಟ್ಟುಕೊಂಡಂತೆ ಅಂದುಕೊಳ್ಳಿ. ನಮಗೇನೂ ತೊಂದರೆ ಅನ್ನಿಸಿರಲಿಲ್ಲ.

ಕಲೆ ಎಲ್ಲಿಂದ ಬಂತು ಎಂದು ಯೋಚಿಸಿದಾಗ ಉತ್ತರ ನನ್ನ ಬಕೆಟ್ಟಿನಲ್ಲೇ ಇತ್ತು. ಹೊಸದಾಗಿ ಕಾರು ಕೊಂಡವನ ಹುರುಪು. ದಿನಾ ಬೆಳಗ್ಗೆ ನಾಗಮಂಗಲದ ಬಾಡಿಗೆ ಮನೆಯ ಮುಂದೆ, ಬೀದಿಯವರೆಲ್ಲ ನೋಡಲಿ ಎಂದು ನಿಧಾನವಾಗಿ, ಬೋರ್‌ವೆಲ್ ನೀರು ಸುರಿದು ಕಾರು ತೊಳೆದು ಬಿಸಿಲಿಗೆ ಬಿಡುತ್ತಿದ್ದೆ. ನಮ್ಮ ಜಿಲ್ಲೆಯಲ್ಲಿ ನೀರಿಗೂ ತಾಲ್ಲೂಕಿದೆ. ಅರಕೆರೆ, ಪಾಂಡವಪುರದ ಕಡೆ ನಾಲೆ ನೀರು. ಬೇಳೆ ಹಾಕಿ ತಿರುಗಿ ನೋಡುವಷ್ಟರಲ್ಲಿ ಬೆಂದಿರುತ್ತದೆ, ಸೋಪು ಮುಟ್ಟಿದರೆ ನೊರೆ. ನಾಗಮಂಗಲದ ಬೋರ್‌ವೆಲ್ ನೀರಿನಲ್ಲಿ ಸೋಪು ಉಜ್ಜಿದರೆ ಸೋಪೇ ಬೇಜಾರು ಮಾಡಿಕೊಳ್ಳುತ್ತದೆ. ನನ್ನ ಹೆಂಡತಿ ಸುಶೀಲ ನಾಗಮಂಗಲದವಳು. ಈ ಮಾತು ಎತ್ತಿದರೆ, "ನಮ್ಮೂರ್ ನೀರು ಕುಡುದ್ರೆ ಮೂಳೆ ಗಟ್ಟಿ ಆಯ್ತವೆ ಕಣ್ರೀ, ನಿಮ್ ನಾಲೆ ನೀರಲ್ಲೇನದೆ, ಬರೀ ನೀರು" ಎನ್ನುತ್ತಿದ್ದಳು. ಮೂಳೆಯ ವಿಚಾರ ನನಗೆ ಗೊತ್ತಿಲ್ಲ. ಗಾಜಿನ ಮೇಲೆ ಅದು ಗಟ್ಟಿಯಾದದ್ದಂತೂ ನಿಜ. ತೊಳೆದಷ್ಟೂ ಕಲೆ, ಕಲೆ ಕಂಡಷ್ಟೂ ತೊಳೆತ, ಹೀಗೆ ನಾನು ಒಂದು ಬೇಸಿಗೆ ಪೂರ್ತಿ ಶ್ರದ್ಧೆಯಿಂದ ಕಾರಿಗೆ ಸುಣ್ಣ ಬಳಿದಿದ್ದೆ.

ಗಾಜು ಒಂದು ವಿಚಿತ್ರವಾದ ವಸ್ತು. ಬಾಕಿ ಎಲ್ಲ ಸಾಮಾನೂ ಕಣ್ಣಿಗೆ ಕಂಡರೆ ಬೆಲೆ, ಗಾಜಿಗೆ ಮಾತ್ರ ಕಾಣದೇ ಇದ್ದರೆ ಬೆಲೆ. ಗಾಜು ಕಾಣಿಸಿತು ಎಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಸಂಸಾರದಲ್ಲಿ ಇಂಥ ಕೆಲವರು ಇರುತ್ತಾರೆ, ಸರಿಯಾಗಿ ಕೆಲಸ ಮಾಡುವವರೆಗೆ ಅವರು ಇದ್ದಾರೆಂದೇ ಯಾರಿಗೂ ಗೊತ್ತಾಗುವುದಿಲ್ಲ. ಈ ವಿಚಾರವನ್ನು ಸುಶೀಲಳ ಮುಂದೆ ಹೇಳಿದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಕಾರಿನ ಗಾಜಿನ ಮೇಲೆ ಕಲೆಯಿದೆ ಎಂದು ಒಮ್ಮೆ ಬಾಯಿ ಬಿಟ್ಟರೆ ಸಾಕು, ನಮ್ಮ ಕಡೆ ಔಷಧಿ ಹೇಳದ ಮನುಷ್ಯನೇ ಇಲ್ಲ. ಹೇಳಿ ಸುಮ್ಮನಾಗುವುದೂ ಇಲ್ಲ, ಅಲ್ಲೇ ಒಂದು ಮೂಲೆಯಲ್ಲಿ ಉಜ್ಜಿ ತೋರಿಸಿ ಹೋಗುತ್ತಾರೆ. ಪಾಂಡವಪುರದಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಒಬ್ಬ ಲಾರಿ ಡ್ರೈವರು ತನ್ನ ಬೀಡಿ ಬಿಚ್ಚಿ ಹೊಗೆಸೊಪ್ಪಿನ ಪುಡಿಯನ್ನು ಮುಂದಿನ ಗಾಜಿಗೆ ತಿಕ್ಕಿದ. ಕಲೆ ಹಾಗೇ ಇತ್ತು, ಕಾರಿನೊಳಗೆ ಮಾತ್ರ ಬೀಡಿಯ ವಾಸನೆ ತುಂಬಿ ಸುಶೀಲ ನನ್ನನ್ನು ಅನುಮಾನದಿಂದ ನೋಡಿದಳು. ಹಲ್ಲುಪುಡಿ ಹಾಕಿದೆ. ಆಲೂಗಡ್ಡೆ ಹೋಳು ತಿಕ್ಕಿದೆ. ಹಳೇ ನ್ಯೂಸ್‌ಪೇಪರ್ ಮುದ್ದೆ ಮಾಡಿ ಒರೆಸುವುದು ಶ್ರೇಷ್ಠ ಎಂದರು. ಆದರೆ ನನ್ನಂಥವನ ಕೈಗೆ ಹಳೇ ಪೇಪರ್ ಕೊಡಬಾರದು. ಮುದ್ದೆ ಮಾಡುವ ಮೊದಲು ಒಮ್ಮೆ ನೋಡೋಣ ಎಂದು ಬಿಡಿಸಿದವನು ಬಾನೆಟ್ಟಿನ ಮೇಲೆ ಕೂತು ಎಂದೋ ಮುಗಿದುಹೋದ ಚುನಾವಣೆಯ ಫಲಿತಾಂಶವನ್ನು ಕುತೂಹಲದಿಂದ ಓದಿದೆ. ನಿಂಬೆಹಣ್ಣು ಸ್ವಲ್ಪ ಕೆಲಸ ಮಾಡಿತು. ಮುಂದಿನ ಗಾಜಿಗೆ ದಿನಾ ನಿಂಬೆಹಣ್ಣು ತಿಕ್ಕಿ ತಿಕ್ಕಿ, ಕಡೆಗೆ ಎಮ್ಮೆ ಎಮ್ಮೆಯಂತೆಯೇ ಕಾಣುವ ಮಟ್ಟಕ್ಕೆ ತಂದೆ. ಬಾಗಿಲ ಗಾಜುಗಳ ತನಕ ನನ್ನ ಹುರುಪು ಉಳಿಯಲಿಲ್ಲ. ಕಾರು ಓಡಿಸುವವನಿಗೆ ಮುಂದೆ ಕಂಡರೆ ಸಾಕಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಅವ್ವನ ಲೆಕ್ಕ ಬೇರೆ ಇತ್ತು. ಅವಳಿಗೆ ಕಾರಿನ ಗಾಜು ಇದ್ದದ್ದು ಒಳಗಿನವರು ಹೊರಗೆ ನೋಡಲಿ ಎಂದಲ್ಲ, ಹೊರಗಿನವರು ಒಳಗಿರುವ ತನ್ನನ್ನು ನೋಡಲಿ ಎಂದು. ಇದಕ್ಕೆ ಕಾರಣ ಸಿಂಧಘಟ್ಟದ ದೊಡ್ಡವ್ವ.

ದೊಡ್ಡವ್ವ ಎಂದರೆ ಅವ್ವನ ಒಡಹುಟ್ಟಿದ ಅಕ್ಕ, ನಿಂಗಮ್ಮ. ಅವಳನ್ನು ಕೆ.ಆರ್.ಪೇಟೆ ತಾಲ್ಲೂಕಿನ ಸಿಂಧಘಟ್ಟಕ್ಕೆ ಕೊಟ್ಟಿತ್ತು. ಎಷ್ಟೋ ವರ್ಷಗಳ ಕೆಳಗೆ ದೊಡ್ಡವ್ವನ ಹೊಸ ಮನೆಯ ಒಕ್ಕಲಿಗೆ ಹೊರಟ ಅವ್ವನಿಗೆ ಪಾಂಡವಪುರದಲ್ಲಿ ಬಸ್ಸು ತಪ್ಪಿತು. ಮುಹೂರ್ತ ಮೀರುತ್ತದೆಂದು ಆ ಕಡೆ ಹೋಗುತ್ತಿದ್ದ ಒಂದು ಟ್ರಾಕ್ಟರಿಗೆ ಕೈ ಒಡ್ಡಿ, ಹಿಂದಿನ ಟ್ರೈಲರಿನಲ್ಲಿ ಗೊಬ್ಬರದ ಚೀಲಗಳ ಮೇಲೆ ಕೂತು, ರೇಷ್ಮೆ ಸೀರೆ ಮುದುರಿಕೊಂಡು, ತಲೆ ತುಂಬ ಧೂಳು ಮಾಡಿಕೊಂಡು ಹೋಗಿ ಇಳಿದಳು. ಬೀಗರು ಬಿಜ್ಜರೆಲ್ಲ ಜಗಲಿಯ ಮೇಲೆ ಕೂತಿದ್ದರು. ದೊಡ್ಡವ್ವ ಸಂತೋಷ ತಡೆಯಲಾರದೆ ಕೂಗಿದಳಂತೆ: "ನಮ್ ಕೆಂಪಿ ಗೊಬ್ಬರದ್ ಜೊತೆ ಬಂದವ್ಳೆ ಕಣ್ರಪ್ಪೋ! ನೋಡ್ಕಂಡ್ ಇಳಿಸ್ಕಳಿ, ತಿಪ್ಪೆಗ್ ಸುರುದ್ಬುಟ್ಟೀರಿ!"

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಊಟಕ್ಕೆ ಕೂತಳು, ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡಳು, ಕೈ ತೊಳೆದಳು, ಬಸ್ಸು ಹತ್ತಿ ಊರಿಗೆ ಬಂದಳು. ಅವತ್ತಿನಿಂದ ಅಕ್ಕನ ಜೊತೆ ಮಾತು ಬಿಟ್ಟಳು. ಇನ್ನು ಸಿಂಧಘಟ್ಟಕ್ಕೆ ಕಾಲಿಟ್ಟರೆ ಕಾರಿನಲ್ಲೇ, ಅದೂ ಅವಳು ಜಗಲಿಯ ಮೇಲೆ ನಿಂತು ನೋಡುತ್ತಿರುವಾಗಲೇ ಎಂದು ಆಣೆ ಮಾಡಿಕೊಂಡಳು.

ಮಾತು ಬಿಡುವುದು ಎಂಬುದು ನಮ್ಮ ಕಡೆ ಜಗಳದಂಥ ಸುಲಭದ ವಿಷಯವಲ್ಲ. ಜಗಳ ಯಾರು ಬೇಕಾದರೂ ಆಡಬಹುದು. ಮಾತು ಬಿಡಲು ಶಿಸ್ತು ಬೇಕು. ಮಾತು ಬಿಟ್ಟವರು ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಬಾರದು ಎಂದೇನಿಲ್ಲ. ಹೋಗಬಹುದು, ಉಣ್ಣಬಹುದು, ಎಂಜಲು ಎಲೆ ಎತ್ತಬಹುದು, ಬಾಯಿ ಮಾತ್ರ ಬಿಡಬಾರದು. ತೀರಾ ಹೇಳಲೇಬೇಕಾದ ವಿಷಯವಿದ್ದರೆ ಕೊಟ್ಟಿಗೆಯ ಹಸುವಿಗೆ ಹೇಳಬೇಕು, ಅದನ್ನು ಆ ಕಡೆಯವರು ಕೇಳಿಸಿಕೊಂಡು ಉತ್ತರವನ್ನೂ ಹಸುವಿಗೇ ಹೇಳಬೇಕು. ಇಂಥ ಎಷ್ಟೋ ಸಂಸಾರದ ಗುಟ್ಟುಗಳು ನಮ್ಮೂರ ಹಸುಗಳಿಗೆ ತಿಳಿದಿವೆ. ಈ ಇಡೀ ಆಟದಲ್ಲಿ ಇರುವುದು ಒಂದೇ ಸೋಲು. ಮೊದಲು ಯಾರು ಮಾತಾಡಿದರೋ ಅವರು ಸೋತರು. ಅವ್ವ, ದೊಡ್ಡವ್ವ ಇಬ್ಬರೂ ಸೋಲುವ ಪೈಕಿಯವರಲ್ಲ. ಹಾಗೆಂದು ಅವ್ವನಿಗೆ ಅಕ್ಕನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಹಬ್ಬಕ್ಕೆ ಕಜ್ಜಾಯ ಕರಿದಾಗಲೆಲ್ಲ ಒಲೆಯ ಮುಂದೆ ಕೂತು, ಯಾರಿಗೂ ಅಲ್ಲದಂತೆ, "ಅವ್ಳಿಗೆ ಕಜ್ಜಾಯ ಅಂದ್ರೆ ಪ್ರಾಣ" ಎನ್ನುತ್ತಿದ್ದಳು. ಹಾಗೆ ಹೇಳುವಾಗ ಅವಳ ದನಿ ಸಣ್ಣಗಾಗುತ್ತಿದ್ದುದು ನನಗೆ ಗೊತ್ತು.

ಆ ವರ್ಷ ದೊಡ್ಡವ್ವನ ಮೊಮ್ಮಗನ ಮದುವೆಯಾಗಿ, ಸಿಂಧಘಟ್ಟದಲ್ಲಿ ಬೀಗರೂಟ ಇಟ್ಟುಕೊಂಡರು. ದೊಡ್ಡವ್ವನ ಮಗ ನಂಜಪ್ಪಣ್ಣ ಬಂದು ಕರೆದುಹೋದ. ಅವ್ವ ಅವನಿಗೆ ಕಾಫಿ ಕೊಟ್ಟು, ಹಸುವಿನ ಕಡೆ ತಿರುಗಿ, "ನಮ್ ಮಗ ಕಾರ್ ತಕ್ಕಂಡವ್ನೆ, ಕಾರಲ್ಲೇ ಬತ್ತೀವಿ ಕಣವ್ವ" ಎಂದು ಸಿಂಧಘಟ್ಟಕ್ಕೆ ತಲುಪುವಷ್ಟು ಜೋರಾಗಿ ಹೇಳಿದಳು.

ಅಷ್ಟಕ್ಕೇ ಬಿಡಲಿಲ್ಲ. ಬೀಗರೂಟದ ಹಿಂದಿನ ದಿನ ಅರಕೆರೆಯಲ್ಲೇ ಒಂದು ಪರೀಕ್ಷೆ ಇಟ್ಟಳು. ಒಳ್ಳೆಯ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಎಡಗಡೆ ಕೂತಳು. ಎಡಗಡೆಯೇ ಯಾಕೆಂದರೆ ಸಿಂಧಘಟ್ಟದಲ್ಲಿ ಊರೊಳಗೆ ಹೋಗುವಾಗ ದೊಡ್ಡವ್ವನ ಜಗಲಿ ಎಡಕ್ಕೆ ಬರುತ್ತದೆ. ಬಸ್ಸಿನಲ್ಲಿ ಎಡವೋ ಬಲವೋ ಎಂದು ಒಂದು ದಿನವೂ ಕೇಳದ ಅವ್ವ ಇದನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿಟ್ಟಿದ್ದಳು. ಸೆಖೆ ಎಂದು ನಾನು ಡಬ್ಬದಿಂದ ಹಿಡಿಕೆ ತೆಗೆದು ಗಾಜು ಇಳಿಸಲು ಹೋದೆ.

"ಮುಟ್ಬ್ಯಾಡ ಗಾಜ! ಗಾಳಿ ಬಸ್ಸಲ್ಲೂ ಬತ್ತದೆ, ಎತ್ತಿನ್ ಗಾಡೀಲೂ ಬತ್ತದೆ. ಗಾಜು ಇಳಿಸ್ಕಂಡು ಓಗಕ್ಕೆ ಕಾರೇ ಯಾಕ್ಲಾ ಬೇಕು? ಗಾಜು ಏರ್ಸಿದ್ರೆ ತಾನೇ ಬಸ್ಸಿಗೂ ಕಾರಿಗೂ ಯತ್ವಾಸ?"

ಗಾಜು ಏರಿಸಿಕೊಂಡು, ಬೆವರಿಕೊಂಡು, ಅರಕೆರೆಯ ದೊಡ್ಡ ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದೆವು. ಇಳಿದು ನೀರು ಕುಡಿಯುವಷ್ಟರಲ್ಲಿ ಪಕ್ಕದ ಮನೆಯ ಚಿಕ್ಕತಾಯಮ್ಮ ಬಂದಳು. "ಕೆಂಪಮ್ಮೋ, ಎಲ್ಲಿದ್ದೆ? ನಿನ್ ಮಗ ಇಂದ್ಲು ಸೀಟ್ನಲ್ಲಿ ಬತ್ತದ ಮೂಟೆ ಆಕಂಡು ಓದ ಕಣವ್ವ, ಮಿಲ್ಲಿಗೇನೋ!"

ಅವ್ವನ ಮುಖ ನೋಡಲಾಗಲಿಲ್ಲ. "ಮೂಟೆ ಅಂದ್ಳು ಕಣ್ಲಾ" ಎಂದಳು ಚಿಕ್ಕತಾಯಮ್ಮ ಹೋದ ಮೇಲೆ. "ಮದ್ವೆ ಸೀರೆ ಉಟ್ಕಂಡ್ ಕುಂತೋಳ ಬತ್ತದ ಮೂಟೆ ಅಂದ್ಳು. ಅವತ್ತು ಗೊಬ್ಬರ, ಇವತ್ತು ಮೂಟೆ. ನಾಳೀಕೆ ಅವ್ಳೂ ಇಂಗೇ ಅಂದ್ರೆ ನಾನು ಆ ಕಾರ್ನಿಂದ ಇಳಿಯಾಕಿಲ್ಲ, ನೋಡ್ತಿರು."

ತಪ್ಪು ಆ ಬಿಳಿಯ ಕಲೆಗಳದ್ದು. ಅದನ್ನು ತೆಗೆಯುವ ದಾರಿ ಏನೆಂದು ಅವ್ವ ನನ್ನನ್ನು ಕೇಳಿದಳು. ಕೇಳಬಾರದಿತ್ತು. ಮೇಷ್ಟರಾದವನಿಗೆ ಪ್ರಶ್ನೆ ಕೇಳಿದರೆ ಗೊತ್ತಿಲ್ಲ ಎಂದು ಹೇಳಲು ನಾಲಿಗೆ ಹೊರಳುವುದಿಲ್ಲ. ಸಂಜೆ ಜಗಲಿಯ ಮೇಲೆ ಕೂತು ಅವಳಿಗೆ ಹೊಸಹೊಳಲಿನ ದೇವಸ್ಥಾನದ ಕಂಬಗಳ ವಿಚಾರ ಶುರು ಮಾಡಿದೆ. ಪ್ರತಿ ವರ್ಷ ಹುಡುಗರನ್ನು ಕೆ.ಆರ್.ಪೇಟೆಯ ಪಕ್ಕದ ಆ ಊರಿಗೆ ಕರೆದುಕೊಂಡು ಹೋಗಿ ಹೇಳುವ ಪಾಠವೇ. ಆ ಕರಿ ಕಲ್ಲಿನ ಕಂಬಗಳನ್ನು ಬುಗುರಿಯ ಹಾಗೆ ಕಡೆದು ನುಣುಪು ಮಾಡಿದ್ದಾರೆ. ಹತ್ತಿರ ಹೋಗಿ ನಿಂತರೆ ನಮ್ಮದೇ ನೆರಳು ಮಸುಕಾಗಿ ಕಾಣುತ್ತದೆ. ಕಲ್ಲಿಗೇ ಆ ಹೊಳಪು ಬರುವುದಾದರೆ ಗಾಜಿಗೆ ಬಾರದೆ? ಗುಟ್ಟು ಇಷ್ಟೇ, ಮೊದಲು ದೊರಗಾದ ಪುಡಿಯಿಂದ ಉಜ್ಜಬೇಕು, ಆಮೇಲೆ ಅದಕ್ಕಿಂತ ನಯವಾದದ್ದು, ಆಮೇಲೆ ಇನ್ನೂ ನಯವಾದದ್ದು. ಕೈ ಆಡಿಸಿ ಆಡಿಸಿ ವಿವರಿಸಿದೆ. ಕಾಲೇಜಿನಲ್ಲಿ ಯಾರೂ ಇಷ್ಟು ಗಮನವಿಟ್ಟು ನನ್ನ ಪಾಠ ಕೇಳಿರಲಿಲ್ಲ.

"ಅಂಗಾರೆ ಮೊದ್ಲು ದೊರಗು, ಆಮ್ಯಾಕೆ ನಯ" ಎಂದಳು ಅವ್ವ.

"ಅಷ್ಟೇ ಕಣವ್ವ ವಿದ್ಯೆ" ಎಂದು ನಾನು ಸಂತೋಷವಾಗಿ ಊಟಕ್ಕೆ ಎದ್ದೆ.

ಮಾರನೆಯ ಬೆಳಗ್ಗೆ ನಾನು ಸ್ನಾನ ಮುಗಿಸಿ ಹೊರಗೆ ಬಂದಾಗ ಅವ್ವ ಕಾರಿನ ಎಡಗಡೆಯ ಹಿಂದಿನ ಬಾಗಿಲಿನ ಮುಂದೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಕುಟ್ಟಿದ ಇಟ್ಟಿಗೆ ಪುಡಿ, ಒಂದು ಹಿಡಿ ಮರಳು, ಹುಣಸೆಹಣ್ಣು, ತೆಂಗಿನ ನಾರು. ನಮ್ಮ ಮನೆಯ ತಾಮ್ರದ ಹಂಡೆಯನ್ನು ಅವಳು ಹಬ್ಬಕ್ಕೆ ಬೆಳಗುವ ಸಾಮಗ್ರಿ ಅದು. ಅಮಾವಾಸ್ಯೆಯಂತೆ ಕಪ್ಪಾದ ಹಂಡೆ ಅವಳ ಕೈಯಲ್ಲಿ ಮದುವಣಗಿತ್ತಿಯ ಹಾಗೆ ಕೆಂಪಗಾಗಿ ಹೊರಬರುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಒಂದು ಕೊಡ ನೀರನ್ನು ಗಾಜಿನ ಮೇಲೆ ಸುರಿದಳು.

ಗಾಜು ಮಾಯವಾಯಿತು. ನಿಜವಾಗಿಯೂ. ಒಂದು ಚುಕ್ಕೆಯಿಲ್ಲ, ಉಂಗುರವಿಲ್ಲ. ಒಳಗಿನ ಸೀಟಿನ ಹರಿದ ಹೊಲಿಗೆ ಕೂಡ ಕಾಣುತ್ತಿತ್ತು.

"ನೋಡ್ದೇನ್ಲಾ ಎಂಗ್ ವಳೀತದೆ! ನೀನು ನಿಂಬೆಅಣ್ಣು, ಪೇಪರು ಅಂತ ತಿಂಗ್ಳುಗಟ್ಲೆ ಅದ ನೇವರಿಸ್ತಾ ಕುಂತಿದ್ದೆ. ಇದು ದೊರಗು ಆಯ್ತು. ನಯ ಮಾಡವ ಅಂದ್ರೆ ವೊತ್ತಾಯ್ತು, ಬಂದ್ ಮ್ಯಾಲೆ ಮಾಡ್ತೀನಿ. ನಡಿ."

ನಾನು ನನ್ನ ವಿದ್ಯಾರ್ಥಿನಿಯನ್ನು ಮೆಚ್ಚುಗೆಯಿಂದ ನೋಡಿದೆ. ಅವಳು ಆ ಗಾಜಿನಲ್ಲೇ ಮುಖ ನೋಡಿಕೊಂಡು ಕುಂಕುಮ ಸರಿಮಾಡಿಕೊಂಡು, ಕಾರು ಹತ್ತಿ ಕೂತಳು. ಸುಶೀಲ ನನ್ನ ಪಕ್ಕ ಮುಂದೆ ಕೂತಳು. ದೊಡ್ಡವ್ವನ ಮನೆಗೆಂದು ಒಂದು ಡಬ್ಬಿ ಕಜ್ಜಾಯವನ್ನು ಅವ್ವ ಯಾರಿಗೂ ಹೇಳದೆ ಕಾಲ ಬಳಿ ಇಟ್ಟುಕೊಂಡಿದ್ದಳು. ನಾನು ನೋಡಿಯೂ ನೋಡದವನಂತೆ ಗಾಡಿ ಚಾಲೂ ಮಾಡಿದೆ.

ಅರಕೆರೆ ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಅಲ್ಲಿಂದಾಚೆಗೆ ಸುಶೀಲ ಹಿಂದೆ ತಿರುಗಿ, "ಅತ್ತೆ, ನಿಮ್ ಕಡೆ ಗಾಜು ಯಾಕೋ ಬೆಳ್ಳುಗಾಯ್ತಾ ಅದಲ್ಲ" ಎಂದಳು.

"ಮಂಜು ಕಣಮ್ಮಿ."

"ಈ ಬಿಸ್ಲಲ್ಲಿ ಮಂಜೇ ಅತ್ತೆ?"

ನೀರು ಆರುತ್ತಿತ್ತು. ಆರಿದ ಕಡೆಯೆಲ್ಲ ಗಾಜು ಮೇಲಿನ ಅಂಚಿನಿಂದ ನಿಧಾನವಾಗಿ ಹಾಲಿನಂತೆ ಬೆಳ್ಳಗಾಗುತ್ತಾ ಬಂತು. ಪಾಂಡವಪುರ ಸೇರುವಷ್ಟರಲ್ಲಿ ಎಡಗಡೆಯ ಹಿಂದಿನ ಗಾಜು ಪೂರ್ತಿ ಬಚ್ಚಲುಮನೆಯ ಗಾಜಾಗಿತ್ತು. ಕಲೆಗಳಿದ್ದಾಗ ಮೂಟೆಯಾದರೂ ಕಾಣುತ್ತಿತ್ತು, ಈಗ ಅದೂ ಇಲ್ಲ. ಇಟ್ಟಿಗೆ ಪುಡಿ, ಮರಳು ಸೇರಿ ಇಡೀ ಗಾಜಿನ ಮೈಯನ್ನು ಸಣ್ಣಗೆ ಗೀಚಿಬಿಟ್ಟಿದ್ದವು. ಗೀರುಗಳಲ್ಲಿ ನೀರು ತುಂಬಿರುವವರೆಗೆ ಗಾಜು ತಿಳಿಯಾಗಿ ಕಾಣುತ್ತದೆ, ಆರಿದರೆ ಬಿಳುಪು, ಎಂದು ಆಮೇಲೆ ನಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು ನನಗೆ ಬಹಳ ಖುಷಿಯಿಂದ ವಿವರಿಸಿದರು. ಹೊಸಹೊಳಲಿನವರು ಕಲ್ಲನ್ನು ಉಜ್ಜಿ ಗಾಜು ಮಾಡಿದರು, ನಾವು ಗಾಜನ್ನು ಉಜ್ಜಿ ಕಲ್ಲು ಮಾಡಿದೆವು. ವಿದ್ಯೆ ಒಂದೇ.

ನಾಲೆಯ ಪಕ್ಕ ಕಾರು ನಿಲ್ಲಿಸಿ, ಒಂದು ಚೊಂಬು ನೀರು ತಂದು ಗಾಜಿನ ಮೇಲೆ ಸುರಿದೆ. ಗಾಜು ಮತ್ತೆ ಮಾಯವಾಗಿ ಅವ್ವ ಪ್ರತ್ಯಕ್ಷಳಾದಳು. ಇನ್ನೊಂದು ಚೊಂಬು ಸುರಿಯುವಾಗ ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬಾತ ಇಳಿದು, ಕನಿಕರದಿಂದ, "ಸಾ, ಇಂಜಿನ್ನು ಮುಂದ್ಗಡೆ ಇರ್ತದೆ. ನೀರ ಅಲ್ಲಿಗ್ ಉಯ್ಯಬೇಕು" ಎಂದ. ನಾನು ಗೊತ್ತು ಎಂದೆ. ಅವನು ನಂಬಲಿಲ್ಲ.

"ಬಲಗಡೆ ಬಂದು ಕೂತ್ಕವ್ವ, ಆ ಗಾಜಲ್ಲಿ ವಸಿ ಆದ್ರೂ ಕಾಣ್ತೀಯ" ಎಂದೆ.

"ಬಲಗಡೆ ಅವ್ಳ ಅಟ್ಟಿ ಇಲ್ಲ, ಉಣಸೇಮರ ಅದೆ. ಮರಕ್ಕೆ ಮೊಕ ತೋರ್ಸಕ್ಕೆ ಬಂದಿದ್ದೀನೇನ್ಲಾ?"

"ಹಂಗಾದ್ರೆ ಗಾಜು ಇಳಿಸ್ತೀನಿ."

ಅವ್ವ ನನ್ನನ್ನು ಒಂದು ನೋಟ ನೋಡಿದಳು. ಹಿಡಿಕೆಯನ್ನು ಡಬ್ಬದಿಂದ ತೆಗೆದವನು ಡಬ್ಬಕ್ಕೇ ಹಾಕಿದೆ.

ಆಮೇಲೆ ಉಳಿದದ್ದು ಒಂದೇ ಉಪಾಯ. ಊರ ಹತ್ತಿರ ಹೋಗಿ ಗಾಜು ನೆನೆಸಿ, ಆರುವುದರೊಳಗೆ ಜಗಲಿ ಮುಟ್ಟುವುದು. ಸಿಂಧಘಟ್ಟ ಕಣ್ಣಿಗೆ ಬಿದ್ದ ಮೇಲೆ ಒಂದು ನೀರಿನ ತೊಟ್ಟಿಯ ಬಳಿ ನಿಲ್ಲಿಸಿ, ನಾನೂ ಸುಶೀಲಳೂ ಎರಡು ಕೈಲೂ ನೀರು ಎರಚಿ ಗಾಜನ್ನು ಮೀಯಿಸಿದೆವು. ಅವ್ವ ಒಳಗೆ ಬೆನ್ನು ನೆಟ್ಟಗೆ ಮಾಡಿ, ಸೆರಗು ಸರಿಮಾಡಿ, ಕತ್ತಿನ ಸರ ಮುಂದಕ್ಕೆ ಎಳೆದುಕೊಂಡು, ಫೋಟೋಗೆ ಕೂತವಳಂತೆ ಕೂತಳು. "ಓಡ್ಸ್ಲಾ ಮಗ, ಓಡ್ಸು" ಎಂದಳು. ನಾನು ಆ ಮುದಿ ಅಂಬಾಸಿಡರಿನ ಜೀವನದಲ್ಲೇ ಕಾಣದ ವೇಗದಲ್ಲಿ ಹೊರಟು, ಮೊದಲ ತಿರುವಿನಲ್ಲೇ ಬ್ರೇಕು ಒತ್ತಿದೆ. ಮುಂದೆ ಒಂದು ಟ್ರಾಕ್ಟರು.

ಟ್ರೈಲರ್ ತುಂಬ ಬೀಗರೂಟಕ್ಕೆ ಹೊರಟ ಜನ. ದಾರಿ ಕಿರಿದು, ಪಕ್ಕದಲ್ಲಿ ಕಬ್ಬು, ಮುಂದೆ ಹಾಯುವ ಹಾಗಿಲ್ಲ. ಹಾರನ್ ಒತ್ತಿದೆ. ಟ್ರೈಲರಿನ ಹೆಂಗಸರು ನಮ್ಮ ಕಡೆ ತಿರುಗಿ ಪ್ರೀತಿಯಿಂದ ಕೈ ಬೀಸಿದರು. ಇನ್ನಷ್ಟು ಜೋರಾಗಿ ಒತ್ತಿದೆ, ಇನ್ನಷ್ಟು ಪ್ರೀತಿಯಿಂದ ಬೀಸಿದರು. ಟ್ರಾಕ್ಟರು ಬಾಣಂತಿಯನ್ನು ಕರೆದೊಯ್ಯುವಂತೆ ಹೋಗುತ್ತಿತ್ತು. ಸುಶೀಲ ಹಿಂದೆ ತಿರುಗಿ ಗಾಜು ಎಷ್ಟು ಆರಿದೆ ಎಂದು ಹೇಳುತ್ತಾ ಬಂದಳು. "ಅತ್ತೆಯ ಹಣೆ ಹೋಯ್ತು... ಮೂಗು ಹೋಯ್ತು... ಸರ ಇನ್ನೂ ಕಾಣ್ತದೆ... ಸರಾನೂ ಹೋಯ್ತು ಕಣ್ರೀ." ಆ ಟ್ರಾಕ್ಟರಿನ ಹಿಂದೆಯೇ, ಅದರ ಧೂಳು ಕುಡಿಯುತ್ತಾ, ಗಾಜಿನ ಬಿಳುಪಿನ ಹಿಂದೆ ಅವ್ವ ಎರಡನೇ ಸಲ ಸಿಂಧಘಟ್ಟ ಪ್ರವೇಶ ಮಾಡಿದಳು. ಕನ್ನಡಿಯಲ್ಲಿ ಅವಳ ಮುಖ ನೋಡಿದೆ. ಅಳುವಂತಿತ್ತು. ನನಗೂ ನಗು ಬರಲಿಲ್ಲ.

ಜಗಲಿಯ ಮುಂದೆ ಟ್ರಾಕ್ಟರು ನಿಂತಿತು, ಹಿಂದೆ ನಾವು ನಿಂತೆವು. ದೊಡ್ಡವ್ವ ಜಗಲಿಯ ಮೇಲೆ, ಬಂದವರ ಕಾಲಿಗೆ ಕೊಡುವ ನೀರಿನ ಚೊಂಬು ಹಿಡಿದು ನಿಂತಿದ್ದಳು. ಟ್ರಾಕ್ಟರಿನಿಂದ ಇಳಿದವರನ್ನು ಅವಳು ನೋಡಲೇ ಇಲ್ಲ. ಅವಳ ಕಣ್ಣು ನಮ್ಮ ಕಾರಿನ ಬಿಳಿಯ ಗಾಜಿನ ಮೇಲೆ ನಿಂತುಬಿಟ್ಟಿತ್ತು. ಆ ಕಾಲದಲ್ಲಿ ಒಳಗಿರುವವರು ಕಾಣದಂಥ ಗಾಜು ಇದ್ದರೆ ಒಳಗೆ ಯಾರೋ ಮಹಾ ಮನುಷ್ಯರೇ ಇರಬೇಕು. "ಲೇ ನಂಜ, ಯಾರೋ ದೊಡ್ಡೋರು ಬಂದವ್ರೆ ಕಣೋ, ಮೊಕ ಕಾಣ್ದಂಗೆ ಗಾಜು ಆಕಿಸ್ಕಂಡವ್ರೆ!" ಎಂದು ಮಗನನ್ನು ಕೂಗಿ, ತಾನೇ ಚೊಂಬು ಹಿಡಿದು ಅವಸರವಾಗಿ ಇಳಿದು ಬಂದಳು.

ನಾನು ಆಗಷ್ಟೇ ಕೆಳಗಿಳಿದು ಅವ್ವನ ಬಾಗಿಲು ತೆಗೆಯಲು ಕಾರನ್ನು ಬಳಸಿ ಬರುತ್ತಿದ್ದೆ. ಅವ್ವನಿಗೆ ಕಾರಿನ ಬಾಗಿಲು ಒಳಗಿನಿಂದ ತೆಗೆಯುವುದು ತಿಳಿಯದು, ತಿಳಿದಿದ್ದರೂ ಅವತ್ತು ತಾನಾಗಿ ತೆಗೆಯುತ್ತಿರಲಿಲ್ಲ. ದೊಡ್ಡವ್ವ ಹಣೆಯ ಮೇಲೆ ಕೈ ಅಡ್ಡ ಹಿಡಿದು, ಮೂಗನ್ನು ಗಾಜಿಗೆ ಒತ್ತಿ ಒಳಗೆ ಇಣುಕಿದಳು. ಒಳಗಿನಿಂದ ಅವ್ವನಿಗೆ, ಒಂದು ದುಂಡನೆಯ ಕಪ್ಪು ನೆರಳು ಬಂದು ಗಾಜಿಗೆ ಅಂಟಿಕೊಂಡದ್ದು ಕಂಡು, ಇದು ಯಾವುದಪ್ಪಾ ಎಂದು ಅವಳೂ ಮುಖ ಹತ್ತಿರ ತಂದಳು.

"ಯಾರವ್ವಾ ಅದು?"

"ಯಾರವ್ವಾ ಅದು?"

ಎರಡು ಮಾತೂ ಒಟ್ಟಿಗೇ ಬಂದವು. ಒಂದು ಹೊರಗಿನಿಂದ, ಒಂದು ಒಳಗಿನಿಂದ. ಗಾಜಿಗೆ ರೂಪ ಮುಚ್ಚುವುದು ಗೊತ್ತಿತ್ತು, ದನಿ ಮುಚ್ಚುವುದು ಗೊತ್ತಿರಲಿಲ್ಲ. ಇಬ್ಬರಿಗೂ ಗುರುತು ಹತ್ತಿತು. ದೊಡ್ಡವ್ವ ಬೆಚ್ಚಿಬಿದ್ದ ರಭಸಕ್ಕೆ ಕೈಲಿದ್ದ ಚೊಂಬಿನ ನೀರೆಲ್ಲ ಗಾಜಿನ ಮೇಲೆ ಚೆಲ್ಲಿತು.

ಗಾಜು ಮಾಯವಾಯಿತು. ಗೇಣು ದೂರದಲ್ಲಿ ಅಕ್ಕನ ಮುಖ, ತಂಗಿಯ ಮುಖ. ಇಬ್ಬರಿಗೂ ಕೂದಲು ಬೆಳ್ಳಗಾಗಿತ್ತು. ನೋಡಿ ಎಷ್ಟು ವರ್ಷವಾಗಿತ್ತೋ ಏನೋ. ಒಂದು ಕ್ಷಣ ಇಬ್ಬರೂ ಬಾಯಿ ಬಿಗಿಹಿಡಿದು ನೋಡಿದರು, ಆದರೆ ಆಡಿದ ಮಾತನ್ನು ಹಿಂದಕ್ಕೆ ನುಂಗುವ ಹಾಗಿರಲಿಲ್ಲ. ಮೊದಲು ದೊಡ್ಡವ್ವ ಅತ್ತಳೋ, ಅವ್ವ ನಕ್ಕಳೋ ನನಗೆ ತಿಳಿಯಲಿಲ್ಲ. ನಾನು ಬಾಗಿಲು ತೆಗೆದಾಗ ಇಬ್ಬರೂ ಎರಡನ್ನೂ ಮಾಡುತ್ತಿದ್ದರು. ಅವ್ವ ಕಜ್ಜಾಯದ ಡಬ್ಬಿಯನ್ನು ಅಕ್ಕನ ಎದೆಗೆ ಗುದ್ದಿದ ಹಾಗೆ ಕೊಟ್ಟಳು. ನನ್ನ ಕಣ್ಣೂ ಮಂಜಾಯಿತು, ಈ ಸಲ ಕಾರಿನ ದೆಸೆಯಿಂದಲ್ಲ.

ಕಣ್ಣು ಒರೆಸಿಕೊಂಡ ಕೂಡಲೇ ಜಗಳ ಶುರುವಾಯಿತು. "ಮೊದ್ಲು ಮಾತಾಡ್ದೋಳು ನೀನೇ ಕಣೆ ಕೆಂಪಿ." "ನಾನ್ಯಾಕ್ ಆಡ್ಲಕ್ಕಾ, ನೀನೇ ಮೂಗೊತ್ಕಂಡ್ ಕೇಳ್ದೆ." ಕಡೆಗೆ ಇಬ್ಬರೂ ನನ್ನನ್ನು ಸಾಕ್ಷಿಗೆ ಎಳೆದರು. ಇತಿಹಾಸದ ಮೇಷ್ಟರಾದ ನಾನು, ಸಿಕ್ಕಿರುವ ಆಧಾರಗಳು ಸಾಲವು ಎಂದು ಹೇಳಿ ತಪ್ಪಿಸಿಕೊಂಡೆ. ಊಟದ ಹೊತ್ತಿಗೆ ಗಾಜಿನ ಕಥೆ ಹೊರಬಿತ್ತು. "ಇಟ್ಟಿಗೆ ಪುಡೀಲಿ ಯಾರಾರೂ ಗಾಜ ಉಜ್ತಾರೇನೆ ಪೆದ್ದಿ" ಎಂದಳು ದೊಡ್ಡವ್ವ. "ಒಲೆ ಬೂದಿ ಆಕ್ಬೇಕಿತ್ತು. ಆ ಕಡೆ ಗಾಜೊಂದದಲ್ಲ, ಬಾ ತೋರಿಸ್ತೀನಿ." ಇಬ್ಬರೂ ಬೂದಿ, ನಾರು ಹಿಡಿದು ಹೊರಟೇಬಿಟ್ಟರು. ನಾನು ಬಿರಿಯಾನಿಯ ಕೈಯಲ್ಲೇ ಓಡಿ, ಬಲಗಡೆಯ ಗಾಜನ್ನು ಉಳಿಸಲು ಕಾರನ್ನು ಹುಣಸೇಮರಕ್ಕೆ ಒತ್ತಿ ನಿಲ್ಲಿಸಿದೆ.

ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅವತ್ತು ಗಾಜು ಅವ್ವ ಬಯಸಿದಷ್ಟು ಶುಭ್ರವಾಗಿ ಇದ್ದಿದ್ದರೆ ದೊಡ್ಡವ್ವ ಜಗಲಿಯಿಂದಲೇ ತಂಗಿಯನ್ನು ನೋಡಿ, ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದಳು. ಅವ್ವನೂ ಅಕ್ಕ ನೋಡಿದಳು ಎಂಬ ತೃಪ್ತಿಯಲ್ಲಿ ಉಂಡು ಬರುತ್ತಿದ್ದಳು, ಕಜ್ಜಾಯ ವಾಪಸ್ಸು ಬರುತ್ತಿತ್ತು. ಎಲ್ಲವೂ ಸ್ಪಷ್ಟವಾಗಿರಬೇಕು ಎಂದು ನಾನು ಹುಡುಗರಿಗೆ ಪಾಠ ಹೇಳುತ್ತಲೇ ಇರುತ್ತೇನೆ. ನೆಂಟಸ್ತಿಕೆಯ ವಿಚಾರದಲ್ಲಿ ಮಾತ್ರ ಆ ಪಾಠವನ್ನು ಅಷ್ಟು ಒತ್ತಿ ಹೇಳುವುದಿಲ್ಲ.

ಕೆಲವು ವರ್ಷದ ಮೇಲೆ ಕಾರು ಮಾರಿದಾಗ, ಕೊಂಡವನು ಆ ಗಾಜು ಬೇಡವೆಂದ. ಬೇರೆ ಗಾಜು ಹಾಕಿಸಿಕೊಟ್ಟು ಹಳೆಯದನ್ನು ಅರಕೆರೆಗೆ ತಂದೆ. ಅವ್ವ ಅದನ್ನು ಬಚ್ಚಲುಮನೆಯ ಕಿಟಕಿಗೆ ಕೂರಿಸಿದಳು. ಅಲ್ಲಿ ಅದು ಹುಟ್ಟಿದ್ದೇ ಅದಕ್ಕಾಗಿ ಎಂಬಂತೆ ಇದೆ. ದೊಡ್ಡವ್ವ ಈಗ ಬೇಸಿಗೆಗೊಮ್ಮೆ ನಾಲೆ ನೀರಿನಲ್ಲಿ ತಲೆಗೆ ಹಾಕಿಕೊಳ್ಳಲೆಂದೇ ಬಂದು ಉಳಿಯುತ್ತಾಳೆ. ಹೋದ ಸಲ ಬಂದಾಗ ಉಪ್ಪಿನಕಾಯಿಗೆ ಎಷ್ಟು ಉಪ್ಪು ಹಾಕಬೇಕು ಎಂಬ ವಿಷಯಕ್ಕೆ ಅಕ್ಕತಂಗಿಯರಲ್ಲಿ ಮತ್ತೆ ಮಾತು ನಿಂತಿತು. ಬೆಳಗ್ಗೆಯಿಂದ ಹಸುವಿಗೆ ಬಿಡುವೇ ಇರಲಿಲ್ಲ. ಬಿಸಿಲು ಏರುತ್ತಿತ್ತು, ನಾನು ಜಗಲಿಯ ಮೇಲೆ ಕೂತಿದ್ದೆ. ದೊಡ್ಡವ್ವ ತಲೆಗೆ ಎಣ್ಣೆ ಹಚ್ಚಿಕೊಂಡು ಬಚ್ಚಲ ಹೊರಗೆ ಕಾದಳು, ಕಾದಳು. ಕಿಟಕಿಯ ಬಿಳಿಯ ಗಾಜಿನ ಹಿಂದೆ ಯಾರದೋ ನೆರಳು ನಿಧಾನವಾಗಿ, ಬಹಳ ನಿಧಾನವಾಗಿ ಮೈ ತೊಳೆಯುತ್ತಿತ್ತು. ತಾಳ್ಮೆ ತಪ್ಪಿ ಗಾಜನ್ನು ಬಡಿದಳು. "ಒಳಗ್ಯಾರವ್ವಾ ಇರೋದು? ಬಿರ್‍ರನೆ ಬಾ!"

ಒಳಗೆ ಚೊಂಬು ಕೆಳಗಿಟ್ಟ ಸದ್ದು. ಆಮೇಲೆ ಅವ್ವನ ಗೆದ್ದ ದನಿ:

"ಲೇ ಮಗಾ, ಕೇಳಿಸ್ಕಂಡ್ಯೇನ್ಲಾ? ಈ ಸಲ ಮೊದ್ಲು ಮಾತಾಡ್ದೋಳು ಅವ್ಳೇ! ಏನೇನೋ ಇತಿಹಾಸ ಬರೀತೀಯಲ್ಲ, ಇದ ಬರ್ಕ!"

ಬರೆದಿದ್ದೇನೆ.